ಅತ್ತೆಯವರು ಹಸನು ಮಾಡಿದ ಕಲಾಕೃತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಚಿತ್ರಕಲೆ ಅರ್ಥವಾಗುವುದಿಲ್ಲ. ಮೂವತ್ತೊಂದು ವರ್ಷ ಅದನ್ನೇ ಹೈಸ್ಕೂಲಿನಲ್ಲಿ ಕಲಿಸಿ, ಸಂಬಳ ತಿಂದು, ಶಾಲು ಹೊದಿಸಿಕೊಂಡು ನಿವೃತ್ತನಾಗಿರುವುದರಿಂದ ಈಗ ಧೈರ್ಯವಾಗಿ ಹೇಳಬಹುದು. ಪಿಂಚಣಿ ವಾಪಸು ಕೇಳುವ ಕಾನೂನು ಇನ್ನೂ ಬಂದಿಲ್ಲ. ನಿಜ ಹೇಳಬೇಕೆಂದರೆ ನಾನು ಕಲಿಸಿದ್ದು ಒಂದೇ ಚಿತ್ರ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಂಡೆಯ ಮೇಲೆ ಗುಡಿಸಲು, ಗುಡಿಸಲಿಗೆ ಒರಗಿದಂತೆ ಒಂದು ತೆಂಗಿನ ಗಿಡ. ರೋಣದಲ್ಲಿ ನಿಂತು ನೋಡಿದರೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ಗುಡ್ಡ ಬೇಕಾದರೆ ಗಜೇಂದ್ರಗಡದ ಬಸ್ಸು ಹತ್ತಬೇಕು, ಹೊಳೆ ಬೇಕಾದರೆ ಹೊಳೆಆಲೂರಿಗೆ ಹೋಗಬೇಕು, ಎರಡೂ ಒಟ್ಟಿಗೆ ಬೇಕಾದರೆ ನನ್ನ ಕರಿಹಲಗೆಯ ಮುಂದೆ ಕೂರಬೇಕು. ಒಂದು ಸಲ ಒಬ್ಬ ಹುಡುಗಿ ಕಾಗದದ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆದು, ಕೆಳಗೆ ಕಪ್ಪು, ಮೇಲೆ ನೀಲಿ ಬಳಿದು, ಇದು ನಮ್ಮ ಹೊಲರೀ ಸರ್ ಎಂದು ತಂದುಕೊಟ್ಟಳು. ಗುಡ್ಡ ಎಲ್ಲಿ ಎಂದು ಗದರಿಸಿ ಎರಡು ಅಂಕ ಕಳೆದೆ. ಈಗಿನ ಕಾಲದಲ್ಲಿ ಅಂಥದೇ ಚಿತ್ರವನ್ನು ದೊಡ್ಡ ದೊಡ್ಡ ಊರುಗಳಲ್ಲಿ ಗಾಜು ಹಾಕಿಸಿ ನೇತುಹಾಕುತ್ತಾರಂತೆ. ಆ ಹುಡುಗಿ ಎಲ್ಲಿದ್ದಾಳೋ, ನನ್ನನ್ನು ಮರೆತಿದ್ದರೆ ಸಾಕು.

ಆದರೆ ಊರು ಒಮ್ಮೆ ಒಬ್ಬನನ್ನು ಬಲ್ಲವನೆಂದು ನಂಬಿಬಿಟ್ಟರೆ ಅವನೇ ಕೈಮುಗಿದು ಬೇಡವೆಂದರೂ ಬಿಡುವುದಿಲ್ಲ. ಕಂಪೌಂಡಿಗೆ ಯಾವ ಬಣ್ಣ, ಟ್ರ್ಯಾಕ್ಟರಿನ ಹಿಂದೆ ಬಸವಣ್ಣನ ಕೋಡು ಎಷ್ಟು ಉದ್ದ, ಗಣಪತಿಯ ಸೊಂಡಿಲು ಎಡಕ್ಕೋ ಬಲಕ್ಕೋ ಎಂದು ಕೇಳಲು ಜನ ನನ್ನ ಮನೆಗೇ ಬರುತ್ತಾರೆ. ಬೇಡ ಎಂದು ನಾನೂ ಯಾವತ್ತೂ ಹೇಳಿಲ್ಲ. ಕೇಳುವವರ ಮುಂದೆ ಒಂದು ನಿಮಿಷ ಕಣ್ಣು ಮುಚ್ಚಿ, ಹ್ಞೂಂ ಎಂದು ತಲೆಯಾಡಿಸಿ, ಆಮೇಲೆ ಅವರ ಮನಸ್ಸಿನಲ್ಲಿ ಇದ್ದದ್ದನ್ನೇ ಹೇಳುವುದು ನನ್ನ ಪದ್ಧತಿ. ಇದರಿಂದ ನನ್ನ ಹೆಸರು ನರಗುಂದದವರೆಗೂ ಹೋಗಿದೆ.

ಹೀಗಿರುವಾಗ ಸವಡಿ ರಸ್ತೆಯ ಹಳೆಯ ಜಿನ್ನಿಗೆ ಶುಕ್ರದೆಸೆ ಬಂತು. ಹತ್ತಿಯಿಂದ ಕಾಳು ಬೇರೆ ಮಾಡಿ ಅರಳೆ ತೆಗೆಯುತ್ತಿದ್ದ ಕಾರ್ಖಾನೆ ಅದು. ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿತ್ತು. ಒಳಗೆ ಪಾರಿವಾಳ, ಹೊರಗೆ ಜಾಲಿ. ಯಾರೋ ಹೊರಗಿನ ಶ್ರೀಮಂತರು ಕೊಂಡರು ಎಂದಾಗ ಊರು ಎರಡು ಪಕ್ಷವಾಯಿತು. ಕಲ್ಯಾಣ ಮಂಟಪ ಆಗುತ್ತದೆ ಎನ್ನುವುದು ಒಂದು, ಪೆಟ್ರೋಲ್ ಬಂಕು ಎನ್ನುವುದು ಇನ್ನೊಂದು. ಆದದ್ದು ಸಮಕಾಲೀನ ಕಲೆಯ ವಸ್ತುಸಂಗ್ರಹಾಲಯ. ಎರಡೂ ಪಕ್ಷಗಳು ಸೋತವು. ನಮ್ಮಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡಿತೆಂದರೆ ಮೊದಲು ಇಟ್ಟಂಗಿ ಗೋಡೆಗೆ ಗಿಲಾವು ಮಾಡಿಸುತ್ತೇವೆ. ಇವರು ಬೆಂಗಳೂರಿನಿಂದ ಜನ ಕರೆಸಿ, ಇದ್ದ ಗಿಲಾವನ್ನು ಬ್ರಶ್ಶಿನಿಂದ ನಾಜೂಕಾಗಿ ಕೆರೆಸಿ, ಇಟ್ಟಂಗಿ ಕಾಣುವ ಹಾಗೆ ಮಾಡಿಸಿದರು. ತಗಡಿನ ಛಾವಣಿಯ ತುಕ್ಕು ಹೋಗದಂತೆ ಅದರ ಮೇಲೊಂದು ಎಣ್ಣೆ ಬಳಿಸಿದರು. ತುಕ್ಕನ್ನು ಕಾಪಾಡುವ ಎಣ್ಣೆಯೂ ಇದೆ ಎಂದು ನಮ್ಮ ಊರಿನ ಪೇಂಟರುಗಳಿಗೆ ಗೊತ್ತಾದದ್ದು ಆಗಲೇ.

ಅಲ್ಲಿನ ಮುಖ್ಯಸ್ಥೆ, ಎಲ್ಲರೂ ಮೇಡಂ ಎಂದಷ್ಟೇ ಕರೆಯುವ ಕನ್ನಡಕದ ಹೆಣ್ಣುಮಗಳು, ಒಂದು ದಿನ ನನಗೇ ಫೋನ್ ಮಾಡಿದರು. ಸಲಹಾ ಸಮಿತಿಯಲ್ಲಿ ಒಬ್ಬ ಸ್ಥಳೀಯ ತಜ್ಞರ ಸ್ಥಾನವಿದೆ, ಎಲ್ಲರೂ ನಿಮ್ಮ ಹೆಸರೇ ಹೇಳುತ್ತಿದ್ದಾರೆ, ಭಾನುವಾರ ಬಂದರೆ ಸಂಗ್ರಹಾಲಯ ನೋಡಿದ ಹಾಗೂ ಆಗುತ್ತದೆ, ಮಾತಾಡಿದ ಹಾಗೂ ಆಗುತ್ತದೆ ಎಂದರು. ಫೋನ್ ಇಟ್ಟ ಮೇಲೆ ನಾನು ಅರ್ಧ ತಾಸು ನೆಲದ ಮೇಲಿರಲಿಲ್ಲ. ಸಮಿತಿ ಎಂದರೆ ಲೆಟರ್‌ಹೆಡ್ಡಿನಲ್ಲಿ ಹೆಸರು. ಹೆಸರಿನ ಮುಂದೆ ಕಲಾತಜ್ಞ. ಆ ಸ್ಥಾನ ನನಗೆ ಎಷ್ಟು ಬೇಕಾಗಿತ್ತೆಂದರೆ, ಖಾದಿ ಜುಬ್ಬಾ ಒಂದನ್ನು ಹೊಲಿಸಿದೆ, ಹೊಸದಾಗಿ ಕಾಣಬಾರದೆಂದು ಮೂರು ಸಲ ಒಗೆಸಿದೆ. ಮೊಬೈಲಿನಲ್ಲಿ ಹುಡುಕಿ ಅವಕಾಶ, ಶೂನ್ಯ, ವಿಘಟನೆ, ಮೌನ, ಸಂವಾದ ಎಂಬ ಐದು ಮಾತುಗಳನ್ನು ಬರೆದಿಟ್ಟುಕೊಂಡು, ಯಾವುದನ್ನು ಯಾವುದರ ಪಕ್ಕ ಇಟ್ಟರೂ ಅರ್ಥ ಕೆಡುವುದಿಲ್ಲ ಎಂಬುದನ್ನು ಕನ್ನಡಿಯ ಮುಂದೆ ಖಾತ್ರಿ ಮಾಡಿಕೊಂಡೆ.

ವಿಘ್ನ ಮನೆಯೊಳಗಿನಿಂದಲೇ ಬಂತು. ನನ್ನ ಹೆಂಡತಿ ಸುಮಂಗಲಾ ಅಂಗನವಾಡಿ ಶಿಕ್ಷಕಿ. ಆ ಭಾನುವಾರ ಮಕ್ಕಳಿಗೆ ಪೋಲಿಯೋ ಹನಿ ಹಾಕುವ ಕೆಲಸ ಅವಳಿಗೆ. ಅವಳ ತಾಯಿ ನೀಲವ್ವನವರು ಸವಡಿಯಿಂದ ಬಂದು ನಮ್ಮಲ್ಲಿದ್ದರು. "ಅವ್ವ ಅದ ಜಿನ್ನಿನ್ಯಾಗ ಹದಿನಾಲ್ಕ ವರ್ಷ ದುಡದಾಳ. ಒಮ್ಮಿ ನೋಡ್ತೀನಿ ಅಂತಾಳ. ನೀವು ಹ್ಯಾಂಗೂ ಹೊಂಟೀರಿ, ಕರ್ಕೊಂಡ ಹೋಗ್ರಿ" ಎಂದಳು. ಇದು ಕೇಳುವ ದನಿಯಲ್ಲ, ಹೇಳುವ ದನಿ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಗುರುತು ಹಿಡಿಯಬಲ್ಲ ಏಕೈಕ ಸೂಕ್ಷ್ಮ ಛಾಯೆ ಅದು.

ಅತ್ತೆಯವರ ಬಗ್ಗೆ ಒಂದು ಮಾತು ಹೇಳಬೇಕು. ಅವರ ಮನೆತನದಲ್ಲಿ ಅತ್ತೆ ಅಳಿಯನ ಜೊತೆ ಎದುರೆದುರು ಮಾತಾಡುವುದಿಲ್ಲ. ಜಗಳವೇನೂ ಇಲ್ಲ, ಅದು ಮರ್ಯಾದೆ. ನಾನು ಒಳಗೆ ಬಂದರೆ ಸೆರಗು ಮುಂದೆ ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಹೇಳುವುದಿದ್ದರೆ ಮಗಳಿಗೆ ಹೇಳುತ್ತಾರೆ. ಮಗಳು ಇಲ್ಲದಿದ್ದರೆ ಗೋಡೆಗೆ, ಕಂಬಕ್ಕೆ, ಒಮ್ಮೆ ನಮ್ಮ ಮನೆಯ ಬೆಕ್ಕಿಗೆ. "ಅಳ್ಯಾರ ಚಾ ಆರಾಕತ್ತೈತಿ ನೋಡು" ಎಂದು ಅವರು ಬೆಕ್ಕಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಇಂಥವರನ್ನು ಕರೆದುಕೊಂಡು ಹೋಗಿ, ತಜ್ಞತನವನ್ನೂ ಮೆರೆಯಬೇಕಾಗಿತ್ತು. ಕ್ಯಾಂಟೀನಿನಲ್ಲಿ ಕೂರಿಸಿ ಹೋದರಾಯಿತು ಎಂದು ಒಳಗೊಳಗೇ ಲೆಕ್ಕ ಹಾಕಿದೆ.

ನಮ್ಮ ಓಣಿಯ ಮಾಬುಸಾಬನ ಆಟೋ ಹೇಳಿದ್ದೆ. ದಾರಿಯುದ್ದಕ್ಕೂ ಅತ್ತೆಯವರು ನನಗೆ ಹೇಳುವುದನ್ನು ಅವನಿಗೆ ಹೇಳಿದರು, ಅವನು ಹಿಂದೆ ತಿರುಗಿ ನನಗೆ ದಾಟಿಸಿದ. ಜಿನ್ನಿನಲ್ಲಿ ಕಿಡಿ ಹಾರಿದರೆ ಎಲ್ಲ ಸುಟ್ಟು ಬೂದಿ, ಅದಕ್ಕೆ ಗೇಟಿನಲ್ಲಿ ಕಡ್ಡಿಪೆಟ್ಟಿಗೆ ತೆಗೆದಿಡಬೇಕು ಎಂದು ಅಳಿಯಂದಿರಿಗೆ ಹೇಳು ಎಂದರು. ನಾನು ಬೀಡಿ ಸೇದುವವನಲ್ಲ. ಆದರೂ ಆಯಿತು ಎಂದು ಮಾಬುಸಾಬನ ಮೂಲಕವೇ ಒಪ್ಪಿಗೆ ಕಳಿಸಿದೆ. ಗೇಟಿನಲ್ಲಿ ಸೆಕ್ಯುರಿಟಿಯವನು ಚೀಲ ನೋಡಲು ಕೈ ಚಾಚುವ ಮೊದಲೇ ಅತ್ತೆಯವರು ಎಲೆಅಡಿಕೆಯ ಚಂಚಿಯನ್ನು ಪೂರಾ ಬಿಚ್ಚಿ ಕೊಡವಿ ತೋರಿಸಿದರು, ಚಪ್ಪಲಿ ಬಿಟ್ಟರು, ಒಳಗೆ ನಡೆದರು. ಅವರು ಕಾಲಿಟ್ಟ ರೀತಿ ನೋಡಿದರೆ ಇಪ್ಪತ್ತು ವರ್ಷದ ಮೇಲಲ್ಲ, ನಿನ್ನೆಯ ರಜೆ ಮುಗಿಸಿ ಬಂದ ಹಾಗಿತ್ತು. ಕ್ಯಾಂಟೀನ್ ಕಡೆ ಕೈ ತೋರಿಸಿದ ನನ್ನನ್ನು ದಾಟಿಯೇ ಹೋದರು.

ಮೊದಲ ಹಾಲಿನಲ್ಲಿ ಒಂದು ಖುರ್ಚಿ ತಲೆಕೆಳಗಾಗಿ ನೇತಾಡುತ್ತಿತ್ತು. ಪಕ್ಕದಲ್ಲಿ ಒಂದು ಟೀವಿಯಲ್ಲಿ ಒಬ್ಬ ಮನುಷ್ಯ ಬಹಳ ನಿಧಾನವಾಗಿ ಒಂದು ಗೋಡೆಯನ್ನು ನೋಡುತ್ತಿದ್ದ, ನಾವು ಅವನನ್ನು ನೋಡಬೇಕಾಗಿತ್ತು. ಮೂರನೆಯದು ಬಿಳಿಯ ಕ್ಯಾನ್ವಾಸು, ನಡುವೆ ಒಂದು ಸೀಳು. ನಾನು ಜುಬ್ಬಾದ ಹಿಂದೆ ಕೈಕಟ್ಟಿ, ಒಂದೊಂದರ ಮುಂದೆಯೂ ಎರಡೆರಡು ನಿಮಿಷ ನಿಂತು, ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿದೆ. ಅತ್ತೆಯವರು ಅವುಗಳ ಕಡೆ ನೋಡಲೇ ಇಲ್ಲ. ಇಲ್ಲಿ ಇಂಜಿನ್ನು ಇತ್ತು, ಇಲ್ಲಿ ಪಟ್ಟಾ ಓಡುತ್ತಿತ್ತು, ಈ ಕಂಬದ ಬುಡದಲ್ಲಿ ಊಟಕ್ಕೆ ಕೂರುತ್ತಿದ್ದೆವು ಎಂದು ಆ ಕಂಬಕ್ಕೇ ಹೇಳುತ್ತ ಹೋದರು. ಕಂಬಕ್ಕೂ ಅದೆಲ್ಲ ಗೊತ್ತಿದ್ದಂತೆ ಕಂಡಿತು.

ಎರಡನೆಯ ಹಾಲಿನಲ್ಲಿ ಮೇಡಂ ಸಿಕ್ಕರು. ಜೊತೆಗೆ ಧಾರವಾಡದಿಂದ ಬಂದ ನಾಲ್ಕು ಜನ ಪ್ರಾಧ್ಯಾಪಕರು. ನನ್ನನ್ನು ಪರಿಚಯಿಸಿ, ಇವರು ಇಲ್ಲಿಯ ಹಿರಿಯ ಕಲಾವಿದರು ಎಂದರು. ಕಲಾವಿದ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಎದೆಗೆ ಜುಬ್ಬಾ ಬಿಗಿಯಾಯಿತು. ಎದುರಿಗೆ ನೆಲದ ಮೇಲೆ ಆಳೆತ್ತರಕ್ಕೆ ಹತ್ತಿಯ ರಾಶಿ. ಮುಂಬಯಿಯ ಒಬ್ಬ ದೊಡ್ಡ ಕಲಾವಿದರ ಕೃತಿಯಂತೆ. ಚಲೋ ಹತ್ತಿ, ಹಳದಿ ಬಿದ್ದದ್ದು, ಹುಳ ತಿಂದದ್ದು, ಒಣಎಲೆಯ ಚೂರು, ಎಲ್ಲವನ್ನೂ ಕಲೆಸಿ ಸುರಿದಿದ್ದರು. ಶುದ್ಧ ಮತ್ತು ಅಶುದ್ಧ ಎಂಬ ಭೇದವನ್ನು ಈ ಕೃತಿ ಅಳಿಸಿಹಾಕುತ್ತದೆ ಎಂದು ಗೋಡೆಯ ಮೇಲೆ ಬರೆದಿತ್ತು. ನಾನು ಕಣ್ಣು ಮುಚ್ಚಿ ತಲೆಯಾಡಿಸಿ, ಇಲ್ಲಿ ಶೂನ್ಯ ಅವಕಾಶದ ಜೊತೆ ಸಂವಾದ ನಡೆಸಿದೆ ಎಂದು ಶುರುಮಾಡಿದೆ. ಪ್ರಾಧ್ಯಾಪಕರಲ್ಲಿ ಒಬ್ಬರು ಪುಸ್ತಕ ತೆಗೆದು ಬರೆದುಕೊಂಡರು. ಸಮಿತಿಯ ಖುರ್ಚಿ ನನಗೆ ಕಣ್ಣೆದುರೇ ಕಾಣತೊಡಗಿತು, ಅದೂ ನೆಟ್ಟಗೆ ನಿಂತದ್ದು.

ಅದೇ ಹೊತ್ತಿಗೆ ಭೋಂಗಾ ಕೂಗಿತು. ಹಳೆಯ ಕಾಲದಲ್ಲಿ ಪಾಳಿ ಶುರುವಾಗುವಾಗ ಕೂಗುತ್ತಿತ್ತಲ್ಲ, ಊರೆಲ್ಲ ಕೇಳುವಂಥ ಭೋಂಗಾ, ಅದನ್ನು ಎಲ್ಲಿಂದಲೋ ಹುಡುಕಿ, ಧ್ವನಿಕೃತಿ ಎಂದು ಹೆಸರಿಟ್ಟು, ತಾಸಿಗೊಮ್ಮೆ ಸ್ಪೀಕರಿನಲ್ಲಿ ಹಾಕುತ್ತಾರೆ. ನಾವೆಲ್ಲ ಗಂಭೀರವಾಗಿ ಆಲಿಸಿದೆವು. ಅತ್ತೆಯವರು ಮಾತ್ರ ಆಲಿಸಲಿಲ್ಲ. ಭೋಂಗಾ ನಿಲ್ಲುವುದರೊಳಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸುತ್ತ ಕಟ್ಟಿದ್ದ ದಾರದ ಕೆಳಗೆ ನುಸುಳಿ, ರಾಶಿಯ ಮುಂದೆ ಒಂದು ಮೊಣಕಾಲು ಮೇಲೆ ಮಾಡಿ ಕೂತು, ಹತ್ತಿ ಹಸನು ಮಾಡಲು ಶುರು ಮಾಡಿದರು. ಚಲೋದು ಬಲಕ್ಕೆ, ಹಳದಿಯದು ಎಡಕ್ಕೆ, ಕಸ ಮಡಿಲಿಗೆ. ಹದಿನಾಲ್ಕು ವರ್ಷ ಭೋಂಗಾ ಆದ ಮೇಲೆ ನಿಂತವರ ಅರ್ಧ ದಿನದ ಕೂಲಿ ಕತ್ತರಿಸಿದ ಜಾಗ ಅದು. ಕೈಗಳು ಯಾರನ್ನೂ ಕೇಳಲಿಲ್ಲ.

ಸೆಕ್ಯುರಿಟಿಯವನು ಓಡಿಬಂದ. ಮುಟ್ಟಬಾರದು ಎಂಬ ಬೋರ್ಡು ತೋರಿಸಿದ. ಅತ್ತೆಯವರು ಆ ಬೋರ್ಡಿನ ಮೇಲೆ ಅಂಟಿದ್ದ ಒಂದು ಎಳೆ ಅರಳೆಯನ್ನೂ ಬಿಡಿಸಿ ಬಲಕ್ಕೆ ಹಾಕಿದರು. "ಯಾರ ಕಡೆ ಮುದಕಿ ಇದು, ಯಾರ ಕರ್ಕೊಂಡ ಬಂದೀರಿ?" ಎಂದು ಅವನು ಹಾಲೆಲ್ಲ ಕೇಳುವಂತೆ ಕೇಳಿದ. ಮೇಡಂ ನನ್ನ ಕಡೆ ತಿರುಗಿ, ಮೆತ್ತಗೆ, "ನಿಮ್ಮ ಜೊತೆ ಬಂದವರೇ?" ಎಂದರು. ನಾಲ್ಕು ಜನ ಪ್ರಾಧ್ಯಾಪಕರೂ ನನ್ನನ್ನೇ ನೋಡಿದರು.

ನಾನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಒಂದಕ್ಷರ ಕಡಿಮೆ ಮಾಡಿದರೂ ಅದು ಇನ್ನೊಂದು ಸುಳ್ಳಾಗುತ್ತದೆ. "ಇಲ್ಲ ಮೇಡಂ, ನನಗೆ ಗುರುತಿಲ್ಲ. ಇಲ್ಲೇ ಸುತ್ತಮುತ್ತಲಿನ ಕೂಲಿಯವರಿರಬೇಕು" ಎಂದೆ. ಅತ್ತೆಯವರು ನನ್ನಿಂದ ನಾಲ್ಕು ಮಾರು ದೂರದಲ್ಲಿದ್ದರು. ಅವರ ಕೈ ಒಂದು ಕ್ಷಣ ನಿಂತಿತು, ಮತ್ತೆ ಆಡತೊಡಗಿತು. ತಲೆ ಎತ್ತಲಿಲ್ಲ. ವರ್ಷಕ್ಕೆರಡು ಸಲ ಸವಡಿಯಿಂದ ನನಗೆಂದೇ ಶೇಂಗಾ ಹೋಳಿಗೆ ಮಾಡಿ ತರುವ ಕೈ ಅದು. ಆದರೂ ನನ್ನ ನಾಲಿಗೆ ನಿಲ್ಲದೆ, ನೋಡಿ, ಇದು ವಿಘಟನೆ, ಕೃತಿಯ ಮೌನದೊಳಕ್ಕೆ ಶ್ರಮದ ಆಕಸ್ಮಿಕ ಪ್ರವೇಶ, ಎಂದು ಮುಂದುವರಿಯಿತು. ಸುಳ್ಳನ್ನು ಮುಚ್ಚಲು ನಾನು ರಾಶಿಯ ಹತ್ತಿರಕ್ಕೇ ಹೋಗಿ, ಕೈ ಬೀಸಿ ಬೀಸಿ ವಿವರಿಸಿದೆ.

"ಅತ್ತ ಸರೀರಿ. ಬೆಳಕಿಗೆ ಅಡ್ಡ ನಿಂತೀರಿ."

ಯಾರು ಹೇಳಿದರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆಯವರು ನನ್ನ ಮುಖವನ್ನೇ ನೋಡಿ ಹೇಳಿದ್ದರು. ಸೆರಗು ತಲೆಯ ಮೇಲೆ ಇರಲಿಲ್ಲ, ಕಣ್ಣಿನಲ್ಲಿ ಸಿಟ್ಟೂ ಇರಲಿಲ್ಲ. ಇಪ್ಪತ್ತಾರು ವರ್ಷ ನಡೆಸಿಕೊಂಡು ಬಂದ ಕಟ್ಟಳೆ ಅಳಿಯನಿಗೆ ಸಂಬಂಧಿಸಿದ್ದು. ಗುರುತಿಲ್ಲದ ಗಂಡಸೊಬ್ಬ ಬೆಳಕಿಗೆ ಅಡ್ಡ ನಿಂತರೆ ಸರಿ ಎನ್ನಲು ಅವರಿಗೆ ಯಾವ ಸಂಕೋಚ? ನಾನು ಸರಿದೆ.

ಮುಂದಿನದು ನನ್ನ ಕೈಯಲ್ಲಿರಲಿಲ್ಲ. ಮೇಡಂ ಸೆಕ್ಯುರಿಟಿಯವನನ್ನು ತಡೆದು, ತಾವೂ ದಾರ ದಾಟಿ ಹೋಗಿ ಅತ್ತೆಯವರ ಪಕ್ಕದಲ್ಲಿ ನೆಲದ ಮೇಲೆ ಕೂತರು. ಏನು ನೋಡಿ ಬೇರೆ ಮಾಡುತ್ತೀರಿ ಅಜ್ಜಿ ಎಂದು ಕೇಳಿದರು. ಅತ್ತೆಯವರು ಒಂದೊಂದೇ ಹಿಡಿ ಎತ್ತಿ ಬೆಳಕಿಗೆ ಹಿಡಿದು ಹೇಳಿದರು: "ಇದು ಗಿಡದ ಬುಡದ ಕಾಯಿದು, ಮಣ್ಣ ಸಿಡದೈತಿ. ಇದಕ್ಕ ಕಡೀ ಮಳಿ ಬಡದೈತಿ, ಅದಕ್ಕ ಹಳದಿ. ಇದು ನೋಡ್ರಿ, ಒಡಿಯೂದಕ್ಕಿಂತ ಮೊದಲ ಕಿತ್ತದ್ದು. ಬಿಡಿಸಿದಾಕಿ ಯಾವುದೋ ಗಡಿಬಿಡಿಯೊಳಗ ಇದ್ದಳು. ಮನ್ಯಾಗ ಕೂಸಿತ್ತೋ ಏನೋ." ಪ್ರಾಧ್ಯಾಪಕರು ನನ್ನ ಕಡೆಯಿಂದ ಅವರ ಕಡೆಗೆ ತಿರುಗಿದರು. ಬರೆದುಕೊಳ್ಳುತ್ತಿದ್ದವರು ಹೊಸ ಹಾಳೆ ತೆರೆದರು. ಈ ರಾಶಿಯನ್ನು ಹೀಗೆ ಕಲೆಸಿ ಇಟ್ಟದ್ದು ನಿಮಗೆ ಹೇಗೆ ಕಂಡಿತು ಎಂದು ಮೇಡಂ ಕೇಳಿದ್ದಕ್ಕೆ, ಅತ್ತೆಯವರು ಸಂಕೋಚದಿಂದ, ಇಟ್ಟವರು ಯಾರೋ ಮೈಗಳ್ಳರಿರಬೇಕು, ಆದರೆ ಹತ್ತಿ ಮಾತ್ರ ಚಲೋ ಆರಿಸಿದ್ದಾರೆ, ಹೊಲ ಕಂಡವರೇ ಎಂದರು. ಇಷ್ಟು ಚೊಕ್ಕಾದ ಕಲಾವಿಮರ್ಶೆಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಮೇಡಂ ಫೋಟೋ ತೆಗೆದು ಮುಂಬಯಿಗೆ ಕಳಿಸಿದರು. ಆ ಕಲಾವಿದ ಕಿಡಿಕಿಡಿಯಾಗುತ್ತಾನೆ, ಆಗ ಸಮಾಧಾನ ಹೇಳಲು ತಜ್ಞನೊಬ್ಬ ಬೇಕಾಗುತ್ತಾನೆ ಎಂದು ನಾನಿನ್ನೂ ಆಸೆಯಿಂದ ನಿಂತಿದ್ದೆ. ಐದು ನಿಮಿಷಕ್ಕೆ ಉತ್ತರ ಬಂತು. ಅವರು ಎಷ್ಟು ಮಾಡಿದ್ದಾರೋ ಅಷ್ಟಕ್ಕೇ ಬಿಡಿ, ಇನ್ನು ಯಾರೂ ಮುಟ್ಟಬೇಡಿ, ಅವರ ಹೆಸರು ಕೇಳಿ ಬರೆದುಕೊಳ್ಳಿ ಎಂದು. ಮೇಡಂ ಅತ್ತೆಯವರ ಎರಡೂ ಕೈ ಹಿಡಿದು, ನೀವೇ ನಮ್ಮ ಸಲಹಾ ಸಮಿತಿಗೆ ಬರಬೇಕು ಎಂದರು. ಏನು ಕೆಲಸ ಎಂದು ಅತ್ತೆಯವರು ಕೇಳಿದರು. ತಿಂಗಳಿಗೊಮ್ಮೆ ಬಂದು, ನೋಡಿ, ಅನಿಸಿದ್ದನ್ನು ಹೇಳುವುದು ಎಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. "ಇಷ್ಟಕ್ಕ ಮಂದಿ ಬೇಕಾಗ್ತದ?" ಎಂದರು. ಪ್ರಾಧ್ಯಾಪಕರು ನಕ್ಕರು. ನಾನೂ ನಗಲು ಪ್ರಯತ್ನಿಸಿದೆ.

ಹೊರಗೆ ಕಾಯುತ್ತಿದ್ದ ಮಾಬುಸಾಬನಿಗೆ ಬೇರೆ ಬಾಡಿಗೆ ಬಂದಿತ್ತು. ಅವನು ನೇರ ಹಾಲಿನೊಳಗೇ ಬಂದು, "ಮಾಸ್ತರ್ರ, ಲಗೂ ಬರ್ರಿ. ನಿಮ್ಮ ಅತ್ತಿಯಾರ ಚಪ್ಪಲ್ಲ ಗೇಟಿನ್ಯಾಗ ಇದ್ದುವು, ನಾನ ತಂದೀನಿ" ಎಂದು, ಎರಡು ಚಪ್ಪಲಿಗಳನ್ನೂ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಮೇಡಂ ಚಪ್ಪಲಿ ನೋಡಿದರು, ಅತ್ತೆಯವರನ್ನು ನೋಡಿದರು, ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಅಷ್ಟು ಹೊತ್ತು ಅವರು ಆ ಸೀಳಿದ ಕ್ಯಾನ್ವಾಸನ್ನೂ ನೋಡಿರಲಿಕ್ಕಿಲ್ಲ. ನಾನು, ಬೆಳಕು ಸ್ವಲ್ಪ ಕಡಿಮೆಯಿತ್ತು ಮೇಡಂ, ಗುರುತು ಹತ್ತಲಿಲ್ಲ ಎಂದೆ. ಮಟಮಟ ಮಧ್ಯಾಹ್ನ, ಮೇಲೆ ತಗಡಿನ ನಡುವೆ ಕೂರಿಸಿದ್ದ ಗಾಜಿನಿಂದ ಬಿಸಿಲು ಸುರಿಯುತ್ತಿತ್ತು. ನಾಲ್ಕೂ ಜನ ಪ್ರಾಧ್ಯಾಪಕರು ತಲೆಯೆತ್ತಿ ಆ ಗಾಜನ್ನೊಮ್ಮೆ ನೋಡಿದರು. ಓದಿದವರು ಮನುಷ್ಯನನ್ನು ಕೊಲ್ಲುವುದು ಹಾಗೆಯೇ.

ಆಟೋದಲ್ಲಿ ಅತ್ತೆಯವರು ಮತ್ತೆ ಸೆರಗು ಎಳೆದುಕೊಂಡು ಮೂಲೆಗೆ ಸರಿದು ಕೂತರು. ಅದರ ಅರ್ಥ ನಾನು ಪುನಃ ಅಳಿಯನಾಗಿದ್ದೆ. ಊರು ಸಮೀಪಿಸಿದಾಗ ಮಾಬುಸಾಬನಿಗೆ ಹೇಳಿದರು, "ಅಳ್ಯಾರಿಗೆ ಹೇಳಪಾ, ಮನಸಿಗೆ ಹಚ್ಕೋಬ್ಯಾಡ್ರಿ ಅಂತ. ಅವರು ಗುರ್ತಿಲ್ಲ ಅಂದದ್ದ ಚಲೋ ಆತು. ಅಷ್ಟ ಮಂದಿ ಮುಂದ ಹತ್ತಿಗೆ ಏನೇನರೆ ಹೇಳಾಕತ್ತಿದ್ರು. ಇವರು ನಿನಗ ಏನಾಗಬೇಕಂತ ಯಾರರೆ ಕೇಳಿದ್ರ ಏನ್ ಹೇಳ್ಲಿ ಅಂತ ನನಗ ಜೀವ ಹಾರಿತ್ತು." ಮಾಬುಸಾಬ ನಿಷ್ಠಾವಂತ. ಆಟೋ ನಿಲ್ಲಿಸಿ, ಪೂರಾ ಹಿಂದೆ ತಿರುಗಿ, ಅವರ ಪಕ್ಕದಲ್ಲೇ ಕೂತಿದ್ದ ನನಗೆ ಅದನ್ನು ಒಂದು ಮಾತೂ ಬಿಡದೆ ಹೇಳಿದ. ನಾನು ಆಯಿತು ಎಂದೆ. ಅವನು ಅವರ ಕಡೆ ತಿರುಗಿ, ಆಯಿತಂತೆ ಎಂದ.

ಮನೆಗೆ ಬರುವಷ್ಟರಲ್ಲಿ ಸುಮಂಗಲಾ ಪೋಲಿಯೋ ಕೆಲಸ ಮುಗಿಸಿ ಬಂದಿದ್ದಳು. ಹೇಗಿತ್ತು ಎಂದು ಕೇಳಿದ್ದು ನನ್ನನ್ನಲ್ಲ, ಅವ್ವನನ್ನು. ಕದ್ದು ಹಾಲು ಕುಡಿದ ಬೆಕ್ಕಿನಂತೆ ನಾನು ಬಾಗಿಲಲ್ಲೇ ನಿಂತೆ. ಈಗ ಎಲ್ಲ ಹೊರಗೆ ಬೀಳುತ್ತದೆ, ಸುಮಂಗಲಾ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗುತ್ತಾಳೆ, ಆಮೇಲೆ ಈ ಮನೆಯಲ್ಲಿ ಬೆಕ್ಕಿನ ಮೂಲಕವೂ ನನ್ನೊಂದಿಗೆ ಯಾರೂ ಮಾತಾಡುವುದಿಲ್ಲ ಎಂದುಕೊಂಡೆ. ಅತ್ತೆಯವರು ಕಾಲು ತೊಳೆದು ಬಂದು ಕೂತು, ಸೀರೆಗೆ ಅಂಟಿದ ಅರಳೆಯ ಎಳೆಗಳನ್ನು ಒಂದೊಂದೇ ಬಿಡಿಸುತ್ತ ಹೇಳಿದರು: "ಭಾಳ ಚಲೋ ಆತವಾ. ಅಳ್ಯಾರು ಕೈಹಿಡದ ಎಲ್ಲಾ ತೋರಿಸಿದ್ರು. ಅಲ್ಲೀ ಮಂದೀಗೆಲ್ಲಾ ಇವರು ನಮ್ಮ ಅತ್ತಿಯಾರು ಅಂತ ಹೇಳ್ಕೊಂತ ಹ್ವಾದ್ರು."

ಸುಮಂಗಲಾಳ ಮುಖ ಅರಳಿತು. ಆ ಖುಷಿಯಲ್ಲಿ ನನಗೆ ಚಹಾದ ಜೊತೆ ಎರಡು ಹೋಳಿಗೆಯನ್ನೂ ಬಿಸಿ ಮಾಡಿ, ತುಪ್ಪ ಹಾಕಿ ತಂದಿಟ್ಟಳು. ಸವಡಿಯ ಶೇಂಗಾ ಹೋಳಿಗೆ. ತಿನ್ನದಿದ್ದರೆ ಯಾಕೆ ಎಂದು ಕೇಳುತ್ತಾಳೆ. ಎರಡನ್ನೂ ತಿಂದೆ.